ಓನರ್ ಆಂಟಿಯ ಹೊಸ ಮಿಕ್ಸಿ

ಬೆಂಗಳೂರಿನ ಸಾರಕ್ಕಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ನಮ್ಮ ಕಂಪನಿಯ ಮಿಕ್ಸಿ ಜಾಹೀರಾತಿನ ದೊಡ್ಡ ಅಭಿಮಾನಿ. ನಾನು ಬರೆದ ಜಾಹೀರಾತು ಟಿವಿಯಲ್ಲಿ ಬಂದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದು ನೋಡುತ್ತಿದ್ದರು. "ಮನಸ್ಸಿಗೆ ಹಿಡಿಸ್ತು ಕಣಪ್ಪ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಮಾರ್ಕೆಟಿಂಗ್ ಅಂದರೆ ಇದು ಎಂದು ನಾನು ಆಫೀಸಿನಲ್ಲಿ ಬೀಗುತ್ತಿದ್ದೆ.

ಒಂದು ಭಾನುವಾರ ದೋಸೆಗೆ ಕರೆದರು. ಅಡುಗೆಮನೆಯಲ್ಲಿ ಬೇರೆ ಕಂಪನಿಯ ಹೊಸ ಮಿಕ್ಸಿ ಕೂತಿತ್ತು.

"ಇದ್ಯಾಕೆ ಆಂಟಿ?"

"ಸೇಲ್ಸ್‌ನೋನೊಬ್ಬ ಬಾಗಿಲಿಗೆ ಬಂದು, ತಗೊಳ್ಳಿ ಅಮ್ಮ ಅಂತ ಕೇಳ್ದ. ನೀನು ಒಂದಿನಾನೂ ಕೇಳ್ಲೇ ಇಲ್ವಲ್ಲಪ್ಪ."

ಕೇಳುವುದು ಸೇಲ್ಸ್‌ನವರ ಕೆಲಸ, ನನ್ನದು ಮಾರ್ಕೆಟಿಂಗ್ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ದೋಸೆ ಬಂತು. ಚಟ್ನಿ ಬೆಣ್ಣೆಯಷ್ಟು ನುಣ್ಣಗಿತ್ತು. ಅದನ್ನು ಮಾತ್ರ ಬಾಯಿಬಿಟ್ಟು ಕೇಳಿ ಇನ್ನೊಂದು ಸೌಟು ಹಾಕಿಸಿಕೊಂಡೆ.