ಮಾಳಿಗೆ ಕೋಣೆಯ ಚಿಂದಿ ಚೀಲ

ಶನಿವಾರ ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷ.

ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ಬೆಳುಗುಪ್ಪದಿಂದ ನಮ್ಮ ಬೀಗರು ಮೂರು ಗಂಟೆಗೆ ಬರುತ್ತೇವೆ ಅಂದಿದ್ದರು. ಈಗಲೇ ಚಹಾಕ್ಕೆ ಇಡಲೋ, ಬಂದ ಮೇಲೆ ಇಡಲೋ ಎಂದು ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದೆ. ಆಗಲೇ ಪಕ್ಕದ ಮಾಳಿಗೆಯಿಂದ ತಿಪ್ಪೇಸ್ವಾಮಿ ಕೂಗಿದ್ದು.

“ಅಕ್ಕಾರೇ! ನಿಮ್ಮ ಮ್ಯಾಲಿನ ರೂಮಿನಾಗಿಂದ ಹೊಗಿ ಬರಾಕತ್ತೈತ್ರೀ! ಹುಡುಗಿ ಎಲ್ಲಿ ಅದಾಳ?”

ಹುಡುಗಿ ಆ ರೂಮಿನೊಳಗೇ ಇದ್ದಳು. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದ್ದಳು.

ಹುಡುಗಿ ಎಂದರೆ ನಾಗವೇಣಿ, ನನ್ನ ತಂಗಿಯ ಮಗಳು. ಮಡಕಶಿರಾ ಕಡೆಯ ಅಮರಾಪುರದವಳು. ಚಿತ್ರಕಲೆಯ ಡಿಗ್ರಿ, ಕೊನೆಯ ವರ್ಷ. ಈ ಸೆಮಿಸ್ಟರಿನಲ್ಲಿ ಅವರಿಗೆ ಕ್ಲಾಸೂ ಇಲ್ಲ, ಸಿಲಬಸ್ಸೂ ಇಲ್ಲ. ನಿಮ್ಮದೇ ಒಂದು ಜಾಗ ಹುಡುಕಿಕೊಳ್ಳಿ, ವಿಷಯವೂ ನಿಮ್ಮದೇ, ಹೊತ್ತೂ ನಿಮ್ಮದೇ, ಕೊನೆಗೆ ಏನು ಮಾಡಿದಿರಿ ತೋರಿಸಿ ಎಂದು ಮೇಷ್ಟ್ರು ಕಳಿಸಿಬಿಟ್ಟಿದ್ದಾರೆ. (ನಮ್ಮ ಕಾಲದಲ್ಲಿ ಹೀಗೆ ಕಳಿಸಿದ್ದರೆ ಮನೆಯವರು ಅಷ್ಟರೊಳಗೆ ಮದುವೆಯನ್ನೇ ಮಾಡಿ ಮುಗಿಸುತ್ತಿದ್ದರು.)

ಅಮರಾಪುರದ ಮನೆಯಲ್ಲಿ ಎರಡೇ ಕೋಣೆ, ಆರು ಜನ. ರಾಯದುರ್ಗದ ನಮ್ಮ ಮಾಳಿಗೆಯ ಮೇಲೆ ಸಿಮೆಂಟ್ ಶೀಟಿನ ಕೋಣೆಯೊಂದು ಖಾಲಿ ಬಿದ್ದಿತ್ತು. ಬಾ ಅಂದೆ. ಬಂದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು “ನಮ್ಮ ಮನೆ ಮೇಲೆ ಸ್ಟುಡಿಯೋ ಇದೆ” ಎಂದು ಹೇಳಿಕೊಂಡು ತಿರುಗಿದೆ.

ಮೊದಲ ತಿಂಗಳು ಅವಳು ಏನೂ ಬರೆಯಲಿಲ್ಲ. ನೆಲ ತೊಳೆದಳು. ಮೇಜನ್ನು ಮೂಡಲ ಗೋಡೆಗೆ ಹಾಕಿದಳು. ಬಡಗಣ ಗೋಡೆಗೆ ಎಳೆದಳು. ಮತ್ತೆ ಮೂಡಲಿಗೆ ತಂದಳು. “ಏನು ಬರೆದೆ ತಾಯಿ?” ಎಂದರೆ, “ನೋಡ್ತಾ ಇದೀನಿ ದೊಡ್ಡಮ್ಮ.” ಹೇಳಿಕೊಡುವವರಿಲ್ಲ, ಬೈಯುವವರೂ ಇಲ್ಲ. ಹಾಗಿದ್ದೂ ಬೆಳಗ್ಗೆ ಎದ್ದು ತನ್ನ ಕೆಲಸಕ್ಕೆ ತಾನು ಕೂರುವುದಿದೆಯಲ್ಲ, ಅದು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಕೊನೆಗೆ ಅವಳಿಗೆ ಕಿಟಕಿ ಸಿಕ್ಕಿತು. ಅಲ್ಲಿಂದ ಕೆಳಗೆ ನೋಡಿದರೆ ತಿಪ್ಪೇಸ್ವಾಮಿಯ ಜೀನ್ಸ್ ಹೊಲಿಯುವ ಶೆಡ್ಡು. ಎಂಟು ಮಷಿನ್ನು, ಎಂಟು ಹೆಂಗಸರು. ಮೇಲಿನಿಂದ ಬರೀ ಬೆನ್ನು ಕಾಣುತ್ತದೆ. ವೇಣಿ ಆ ಬೆನ್ನುಗಳನ್ನೇ ಬರೆಯತೊಡಗಿದಳು. ಜೀನ್ಸ್ ಕಟಿಂಗಿನಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಹೊಲಿದು, ಚೌಕಟ್ಟಿಗೆ ಬಿಗಿದು, ಅದರ ಮೇಲೆ ಎಣ್ಣೆಬಣ್ಣ. ಕುಂಚ ಒರೆಸುವುದಕ್ಕೂ ಅದೇ ಜೀನ್ಸ್ ಚಿಂದಿ. ನಮ್ಮ ಊರಿನಲ್ಲಿ ಚಿಂದಿಗೇನು ಬರ?

ಚಿಲಕ ಹಾಕಿಸಿಕೊಂಡದ್ದೂ ಆಗಲೇ. ಕರೆಂಟ್ ಬಿಲ್ಲಿನವನೂ ಮೇಲೆ ಹತ್ತಿ ಹೋಗಿ “ನಂದೊಂದು ಫೋಟೋ ಬರೀತೀಯೇನವಾ?” ಎಂದು ಕೇಳುತ್ತಿದ್ದರೆ ಕೆಲಸ ಮಾಡುವುದು ಯಾವಾಗ?

ಈಗ ಮತ್ತೆ ಆ ಶನಿವಾರಕ್ಕೆ ಬರುತ್ತೇನೆ. (ಬರುತ್ತೇನೆ ಎನ್ನುವುದೇ ಸುಳ್ಳು. ನಾನು ಅಲ್ಲಿಂದ ಹೋಗಿದ್ದೇ ಯಾವಾಗ?)

ಮೆಟ್ಟಿಲು ಹತ್ತಿದೆ. ಬಾಗಿಲಿನ ಸಂದಿಯಿಂದ ಹಳದಿ ಹೊಗೆ. ಕಿಟಕಿಯ ಕಂಬಿಗಳ ನಡುವೆ ವೇಣಿಯ ಬಾಯಿ, ಮೂಗು. ಮುಖವೆಲ್ಲ ಕಾಣಲಿಲ್ಲ, ಅಷ್ಟೇ ಕಂಡದ್ದು. ಬೆಂಕಿ ಇದ್ದದ್ದು ಬಾಗಿಲ ಹಿಂದೆಯೇ. ಅವಳು ಬಂದು ಚಿಲಕ ತೆಗೆಯುವಂತಿರಲಿಲ್ಲ. ನಾನು ಏನು ಮಾಡಿದೆ? ತೊಟ್ಟಿಯ ಪಕ್ಕದ ಕೊಡ ಎತ್ತಿಕೊಂಡು ನಿಂತೆ. ಖಾಲಿ ಕೊಡ. ತುಂಬಬೇಕು ಎಂದು ಹೊಳೆಯಲೇ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆ? ಹತ್ತು ಸೆಕೆಂಡೇ? ಒಂದು ನಿಮಿಷವೇ? ಇವತ್ತಿಗೂ ಲೆಕ್ಕ ಸಿಗುತ್ತಿಲ್ಲ.

ತಿಪ್ಪೇಸ್ವಾಮಿ ನಡುಗೋಡೆ ಹಾರಿ ಬಂದ. ಎರಡು ಸಲ ಒದ್ದ. ಚಿಲಕ ಕಿತ್ತು ಬಾಗಿಲು ತೆರೆದದ್ದೇ ತಡ, ಗಾಳಿ ಒಳಗೆ ನುಗ್ಗಿ ಹೊಗೆಯಾಗಿದ್ದದ್ದು ಉರಿಯಾಗಿ ಎದ್ದಿತು. ಅವನು ವಾಪಸ್ ಓಡಿದ. ಓಡಿಹೋದ ಎಂದೇ ನಾನು ತಿಳಿದೆ. ಅವನು ಹೋದದ್ದು ತನ್ನ ಮಾಳಿಗೆಯ ಹಗ್ಗಕ್ಕೆ. ಆಗಷ್ಟೇ ಒಗೆದು ಹಾಕಿದ್ದ ನೀರು ತೊಟ್ಟಿಕ್ಕುವ ಜೀನ್ಸ್ ಪ್ಯಾಂಟುಗಳನ್ನು ಬಾಚಿ ತಂದು ಉರಿಯ ಮೇಲೆ ಎಸೆದ. ಇನ್ನಷ್ಟು ತಂದ. ಮತ್ತೂ ತಂದ. ಉರಿ ಕೂತಿತು. ಅವನೇ ಒಳಗೆ ಹೋಗಿ ವೇಣಿಯನ್ನು ರಟ್ಟೆ ಹಿಡಿದು ಎಳೆದು ತಂದ. ಮುಂಗೂದಲು ಸುಟ್ಟಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಜೀವ ಇತ್ತು.

ಹನ್ನೊಂದು ಚಿತ್ರಗಳಲ್ಲಿ ಮೂರು ಹೋದವು. ಮೂರು ಗಂಟೆಗೆ ಸರಿಯಾಗಿ ಬಂದ ಬೀಗರು ವಾಸನೆ ಹಿಡಿದು “ಏನ್ರೀ, ನಮ್ಮ ಸಲುವಾಗಿ ಹೋಳಿಗಿ ಸೀಯಿಸಿದ್ರೇನು?” ಎಂದು ನಗುತ್ತ ಮೆಟ್ಟಿಲು ಹತ್ತಿದರು. ಮೇಲೆ ಬಂದು ನೋಡಿದವರೇ ವೇಣಿಗೆ ನೀರು ತರಲು ಇಳಿದರು.

ಬೆಂಕಿ ಹೇಗೆ ಹತ್ತಿತು? ಓಣಿಯಲ್ಲಿ ತಲೆಗೊಂದು ಉತ್ತರ. ಸೊಳ್ಳೆಬತ್ತಿ. ವೈರಿಂಗು. ಟರ್ಪೆಂಟೈನ್. (ಟರ್ಪೆಂಟೈನ್ ಬಗ್ಗೆ ನಾನು ಮೊದಲ ದಿನವೇ ಲೆಕ್ಚರ್ ಕೊಟ್ಟು, ಬಾಟಲಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಡಿಸಿದ್ದೆ. ಅದು ಹಾಗೇ ಇತ್ತು.)

ಭಾನುವಾರ ಅವಳ ಮೇಷ್ಟ್ರ ಫೋನ್ ಬಂತು. ಗಂಟಲು ಕಟ್ಟಿದ್ದ ವೇಣಿ ಮಲಗಿಕೊಂಡೇ ಸ್ಪೀಕರ್ ಹಾಕಿದ್ದಳು. ನಾನು ಅಡುಗೆ ಮನೆಯಲ್ಲಿದ್ದೆ.

“ಎಣ್ಣೆ ಒರೆಸಿದ ಬಟ್ಟೆ ಎಲ್ಲಿಟ್ಟಿದ್ದಿಯಮ್ಮ?”

“ಚೀಲದಲ್ಲಿತ್ತು ಸಾರ್.”

“ಚೀಲದಲ್ಲಾ? ಫಸ್ಟ್ ಇಯರಿನಲ್ಲೇ ಹೇಳಿದ್ದೆನಲ್ಲ, ಬಿಡಿಬಿಡಿಯಾಗಿ ಹರಡಬೇಕು ಅಂತ? ಯಾರು ತುಂಬಿದ್ದು?”

“ನಾನೇ ಸಾರ್” ಎಂದಳು.

ನನ್ನ ಕೈಯಲ್ಲಿದ್ದ ಸೌಟು ಸಾರಿಗೆ ಬಿತ್ತು.

ತುಂಬಿದ್ದು ನಾನು. ಶನಿವಾರ ಬೆಳಗ್ಗೆ ಏಳು ಗಂಟೆಗೆ, ಅವಳು ಸ್ನಾನಕ್ಕೆ ಇಳಿದಿದ್ದಾಗ. ಬೀಗರು ಬರುತ್ತಾರೆ, ಮಾಳಿಗೆ ನೋಡುತ್ತಾರೆ, ಕಟ್ಟೆಯುದ್ದಕ್ಕೂ ಬಣ್ಣ ಬಳಿದ ಚಿಂದಿ ಹರಡಿಕೊಂಡಿದೆ. ಎಂಥ ಗಲೀಜು! ಒಂದು ಗೋಣಿಚೀಲ ತಂದು ಎಲ್ಲವನ್ನೂ ತುಂಬಿದೆ. ಹಿಂದಿನ ದಿನದವು ಇನ್ನೂ ಅಂಟಂಟಾಗಿದ್ದವು. ಹಿಡಿಯಲಿಲ್ಲ ಎಂದು ಕಾಲಿಟ್ಟು ತುಳಿದೆ. ಬಾಯಿ ಕಟ್ಟಿ ಅವಳ ಬಾಗಿಲ ಹಿಂದೆ, ಜೀನ್ಸ್ ತುಂಡುಗಳ ಚೀಲಗಳ ನಡುವೆ ತಳ್ಳಿದೆ. ಕೈ ಮೂಸಿ ನೋಡಿಕೊಂಡೆ. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ. ನಾವು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸೆ. ಅದು ಯಾರಿಗೆ ಏನು ಮಾಡೀತು?

ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಹರಡಿಟ್ಟರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಕಟ್ಟಿ ಇಟ್ಟರೆ ಒಳಗೊಳಗೇ ಏರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಮೇಲೆ ಕಾದ ಸಿಮೆಂಟ್ ಶೀಟು ಬೇರೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳುವ ವಸ್ತುಗಳಿಗೆ ಉದಾಹರಣೆ ಕೊಡಿ ಎಂದು ಎಂಟನೇ ಕ್ಲಾಸಿನವರಿಗೆ ಎರಡು ಮಾರ್ಕಿನ ಪ್ರಶ್ನೆ ಹಾಕುವವಳು.

ಆದರೂ ಭಾನುವಾರ ನಾನು ಬಾಯಿ ಬಿಡಲಿಲ್ಲ. ಸೋಮವಾರವೂ ಬಿಡಲಿಲ್ಲ. ಅವಳಾದರೂ ಕೇಳಿದಳೇ? ಇಲ್ಲ. “ಸಾರು ಚೆನ್ನಾಗೈತೆ ದೊಡ್ಡಮ್ಮ” ಎಂದಳು.

ಮಂಗಳವಾರ ಅವಳ ಅಪ್ಪ ರಂಗಪ್ಪ ಅಮರಾಪುರದಿಂದ ಬಂದ. ನೀರು ಕೂಡ ಕುಡಿಯಲಿಲ್ಲ.

“ಬಟ್ಟೆ ತುಂಬ್ಕ. ನಾಕ್ ಗಂಟೆ ಬಸ್ಸಿಗೆ ಹೋಗಾನ.”

“ಅಪ್ಪ, ಇನ್ನು ಎರಡು ತಿಂಗಳು...”

“ಎಂಥದಮ್ಮ ಎರಡು ತಿಂಗ್ಳು? ಬೆಂಕಿ ಹಚ್ಕಂಡು ಕುಂತಿದ್ದೆಯಲ್ಲ ಒಳಗೆ! ಮನೇಲಿ ಕುಂತು ಓದ್ಕ. ಗ್ರಾಮ ಸಚಿವಾಲಯದಾಗೆ ಕೆಲ್ಸ ಕರೆದ್ರೆ ಅರ್ಜಿ ಹಾಕು. ಒಂದು ಚೀಲ ಎಲ್ಲಿ ಇಕ್ಕಬೇಕು ಅಂತ ತಿಳೀದೋಳಿಗೆ ಸ್ಟುಡಿಯೋ ಅಂತೆ!” ನನ್ನ ಕಡೆ ತಿರುಗಿದ. “ನಿಂದೂ ತಪ್ಪೈತೆ ಅಕ್ಕ. ಇಂಥೋಳ ಕೈಗೆ ರೂಮು ಕೊಡ್ತಾರಾ?”

ವೇಣಿ ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ಕುಂಚಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತತೊಡಗಿದಳು. ದೊಡ್ಡದರಿಂದ ಶುರು ಮಾಡಿದ್ದಳು. ಸಣ್ಣದಕ್ಕೆ ಬರುವವರೆಗೆ ನಾನು ತಡೆದುಕೊಂಡೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಅಲ್ಲಿಯವರೆಗೂ ತಡೆದುಕೊಂಡೆ.

“ಚೀಲ ತುಂಬಿದ್ದು ನಾನು ರಂಗಪ್ಪ. ಅವಳು ಸರಿಯಾಗಿಯೇ ಹರಡಿದ್ದಳು. ನಾನು ತುಳಿದು ತುಂಬಿ, ಅವಳ ಬಾಗಿಲಲ್ಲಿ ಇಟ್ಟೆ.”

ರಂಗಪ್ಪ ನನ್ನನ್ನು ನೋಡಿದ. ಮಗಳನ್ನು ನೋಡಿದ. “ನಿಂಗೆ ಗೊತ್ತಿತ್ತಾ?” ಎಂದ. ಅವಳು ಪೇಪರ್ ಸುತ್ತುತ್ತಲೇ ಇದ್ದಳು.

“ಸೈನ್ಸ್ ಮೇಡಮ್ಮು!” ಎಂದ ಕೊನೆಗೆ. “ಅದೇನ್ ಪಾಠ ಹೇಳ್ತೀಯಕ್ಕಾ ಮಕ್ಳಿಗೆ?” ಬೈಗುಳವೋ ನಗುವೋ ತಿಳಿಯಲಿಲ್ಲ. ಎದ್ದು ಒಬ್ಬನೇ ಮೇಲೆ ಹೋದ. ತುಂಬ ಹೊತ್ತಾದರೂ ಬರಲಿಲ್ಲ. ನಾವಿಬ್ಬರೂ ಹೋಗಿ ನೋಡಿದರೆ, ಉಳಿದ ಎಂಟು ಚಿತ್ರಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

“ಇವ್ರು ಯಾಕೆ ಈ ಕಡೆ ತಿರುಗ್ತಿಲ್ಲ?”

“ತಿರುಗಿದ್ರೆ ಹೊಲಿಗೆ ತಪ್ತದಪ್ಪ.”

ರಂಗಪ್ಪ “ಹೂಂ” ಎಂದ. ನಾಲ್ಕು ಗಂಟೆ ಬಸ್ಸಿಗೆ ಒಬ್ಬನೇ ಹೋದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ನನ್ನಿಂದಾಗಿ. ಈಗ ನನಗೆ ಎಲ್ಲೆಲ್ಲೂ ಹೊಗೆಯ ವಾಸನೆ. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ಮೆಟ್ಟಿಲು ಹತ್ತುತ್ತಿದ್ದೆ. ಗಂಟೆಗೆ ಮೂರು ಸಲ ಅವಳ ಬಾಗಿಲು ನೂಕಿ ಇಣುಕುತ್ತಿದ್ದೆ. ಹೊಸ ಚಿಲಕ ಬೇಡವೇ ಬೇಡ ಎಂದೆ. ವೇಣಿ ಮುಚ್ಚಳದ ತಗಡಿನ ಡಬ್ಬ ತಂದಳು, ನೀರು ತುಂಬಿದಳು, ಚಿಂದಿಯನ್ನೆಲ್ಲ ಅದರಲ್ಲಿ ಮುಳುಗಿಸಿ ಬಯಲಲ್ಲಿಟ್ಟಳು. ಅದರ ಮುಚ್ಚಳವನ್ನೂ ನಾನು ತೆಗೆದು ತೆಗೆದು ನೋಡಿದೆ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ಕಂಬಿಗಳ ನಡುವಿನ ಆ ಬಾಯಿ.

“ದೊಡ್ಡಮ್ಮ, ನೀವು ಹಿಂಗೆ ಬಂದು ಬಂದು ನೋಡಿದ್ರೆ ಇದು ಸ್ಟುಡಿಯೋ ಅಲ್ಲ, ಐಸಿಯು” ಎಂದಳು ಒಂದು ದಿನ. “ಅವತ್ತೂ ನೀವು ಕೇಳ್ದೆ ಒಳಗೆ ಬಂದಿದ್ರಿ. ಈಗ್ಲೂ ಅದೇ.”

ಈ ಮಾತು ಬಿಸಿ ಬಿಸಿಯಾಗಿ ತಾಗಿತು. ನಾನು ಗಲೀಜು ಎಂದುಕೊಂಡದ್ದು ಗಲೀಜಾಗಿರಲಿಲ್ಲ, ಅವಳು ಕಲಿತ ಪದ್ಧತಿ. ಅವಳ ಕೆಲಸ ನನಗೆ ಗೊತ್ತಿರಲಿಲ್ಲ, ಕೋಣೆ ನನ್ನದು ಎನ್ನುವುದಷ್ಟೇ ಗೊತ್ತಿತ್ತು. ಮಕ್ಕಳ ಮೇಜು, ಸೊಸೆಯ ಅಡುಗೆ ಮನೆ, ಗಂಡನ ಕಾಗದಪತ್ರ, ಯಾವುದನ್ನು ನಾವು ಕೇಳಿ ಜೋಡಿಸಿದ್ದೇವೆ ಹೇಳಿ? ಜೋಡಿಸಿಟ್ಟು, ಮೇಲೆ ಪ್ರೀತಿ ಎಂದು ಹೆಸರು ಬೇರೆ ಇಡುತ್ತೇವೆ.

ಬೆಂಕಿ ಬಿದ್ದು ಹತ್ತೊಂಬತ್ತು ದಿನಕ್ಕೆ, ಗುರುವಾರ ಸಂಜೆ, ಮೇಲೆ ಹೋದೆ. ಕೈ ನೂಕಲು ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. “ವೇಣಿ, ಒಳಗೆ ಬರಲಾ?” ಎಂದೆ.

“ಈಗ ಬ್ಯಾಡ ದೊಡ್ಡಮ್ಮ” ಎಂದಳು ಒಳಗಿನಿಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಕೈತುಂಬ ಕೆಲಸವಿರುವವರ ದನಿ.

ಇಳಿದು ಬಂದೆ. ಊಟ ಮಾಡಿ ಮಲಗಿದೆ. ಎಚ್ಚರವಾದಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಬೇಸಿಗೆಯ ಒಂಟಿಪೂಟ ಶಾಲೆ, ಮಧ್ಯಾಹ್ನದವರೆಗೆ ಮಾತ್ರ, ಬೆಳಗ್ಗೆ ಬೇಗ ಶುರು. ನಾನು ತಲುಪುವ ಹೊತ್ತಿಗೆ ಎರಡನೇ ಪಿರಿಯಡ್. ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ನೋಡಿ ಕಾರಣ ಕೇಳಿದರು.

“ನಿದ್ದೆ ಮಾಡಿದೆ ಸಾರ್” ಎಂದೆ.