ಮೂರು ಸಾಲು ಮೇಣದ ದಾರ

ಕಾಶವ್ವ ಹುಬ್ಬಳ್ಳಿಯಲ್ಲಿ ಮೂವತ್ತೆಂಟು ವರ್ಷ ತಾಡಪತ್ರಿ ಹೊಲಿದವಳು. ಲಾರಿಯ ಸರಕು ಮಳೆಗೆ ನೆನೆಯದಂತೆ ಹೊದಿಸುವ ದಪ್ಪ ಕ್ಯಾನ್ವಾಸಿನ ಹೊದಿಕೆ ಅದು. ಉದ್ದದ ಹೊಲಿಗೆಯೇನೋ ಮಿಷನ್ನಿನಲ್ಲಿ ಆಗುತ್ತದೆ. ಮೂಲೆಗಳಿಗೆ, ಹಗ್ಗ ಕಟ್ಟುವ ಕಡೆ ದಬ್ಬಣವೇ ಬೇಕು, ಮೇಣ ತಿಕ್ಕಿದ ದಾರವೇ ಬೇಕು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೇ ನಡೆಸಿದಳು. ಹುಬ್ಬಳ್ಳಿಯಿಂದ ಹೊರಟ ಲಾರಿ ಮುಂಬಯಿ ಮುಟ್ಟುವಷ್ಟರಲ್ಲಿ ಕಾಶವ್ವನ ಹೊಲಿಗೆ ಬಿಟ್ಟಿತು ಎಂದು ಒಬ್ಬ ಡ್ರೈವರನೂ ಬಂದು ಜಗಳ ಕಾದದ್ದಿಲ್ಲ. ಅದೊಂದು ಹೆಮ್ಮೆ ಅವಳಿಗಿತ್ತು.

ಅರವತ್ತೈದು ತುಂಬಿದ ಮೇಲೆ ಅಂಗಡಿ ಬಿಟ್ಟುಕೊಟ್ಟು ಮಗಳು ವಸುಧಾಳ ಮನೆಗೆ ಬಂದಳು. ಮನೆ ಇದ್ದದ್ದು ಅಮೆರಿಕದಲ್ಲಿ, ಡಲ್ಲಾಸಿನ ಉತ್ತರಕ್ಕೆ, ಲಿಟಲ್ ಎಲ್ಮ್‌ನಲ್ಲಿ. ಅಳಿಯ ಪ್ರಹ್ಲಾದ್ ಬೆಳಿಗ್ಗೆಯೇ ಹತ್ತಿರದ ಪ್ಲೇನೋ ಊರಿನ ಆಫೀಸಿಗೆ ಹೋಗುತ್ತಿದ್ದ. ವಸುಧಾ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಕಾಶವ್ವನಿಗೆ ಕೈಗೆ ಕೆಲಸವಿಲ್ಲದೆ ಬೆರಳು ತುರಿಸುತ್ತಿದ್ದವು. ಹೀಗಾಗಿ ಮುಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿ ನೋಡುವುದೇ ಅವಳ ಉದ್ಯೋಗವಾಯಿತು.

ಪಕ್ಕದ ಮನೆಯವನು ಗ್ಲೆನ್. ಹೈಸ್ಕೂಲಿನಲ್ಲಿ ಮಕ್ಕಳಿಗೆ ವೆಲ್ಡಿಂಗ್ ಕಲಿಸಿ ನಿವೃತ್ತನಾದವನು, ಹೆಚ್ಚುಕಡಿಮೆ ಅವಳದೇ ವಯಸ್ಸು. ಹೆಂಡತಿ ನೋರಾ. ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಗ್ಲೆನ್ ನ್ಯೂ ಮೆಕ್ಸಿಕೋದ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಿದ್ದ. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ರಸ್ತೆ ಮುಗಿದ ಮೇಲೆ ಇನ್ನೂ ಒಂದು ದಿನ ನಡೆಯಬೇಕು. ಗುಡಾರ, ಊಟ, ಹಾಸಿಗೆ ಎಲ್ಲ ಬೆನ್ನ ಮೇಲೆ.

೨೦೧೬ರ ಅಕ್ಟೋಬರಿನಲ್ಲಿ, ಹೊರಡುವುದಕ್ಕೆ ಎರಡು ದಿನ ಮೊದಲು, ಗ್ಲೆನ್ ಗ್ಯಾರೇಜಿನ ಬಾಗಿಲು ತೆರೆದು ಸಾಮಾನನ್ನೆಲ್ಲ ನೆಲದ ಮೇಲೆ ಹರವಿದ್ದ. ಎರಡು ಸಲ ಅಟ್ಟೆ ಬದಲಾಯಿಸಿದ ಬೂಟು, ಮುಷ್ಟಿಯಷ್ಟೇ ದೊಡ್ಡದಾದ ಸ್ಟೋವ್, ದುರ್ಬೀನು, ನೋರಾ ಹೆಣೆದ ಉಣ್ಣೆ ಟೋಪಿ, ಮಾಂಸಕ್ಕೆ ಗಾಳಿಯಾಡಲೆಂದು ತೆಳು ಬಟ್ಟೆಯ ಚೀಲಗಳು, ಫೋನ್ ಸಿಗದ ಕಡೆಯಿಂದಲೂ ಉಪಗ್ರಹದ ಮೂಲಕ ಸುದ್ದಿ ಕಳಿಸುವ ಸಣ್ಣದೊಂದು ಪೆಟ್ಟಿಗೆ. ಇವೆಲ್ಲದರ ನಡುವೆ ಅಲ್ಯುಮಿನಿಯಂ ಚೌಕಟ್ಟಿಗೆ ಬಿಗಿದ ಹಸಿರು ಕ್ಯಾನ್ವಾಸಿನ ಬೆನ್ನುಚೀಲ. ಅದರ ಹೆಗಲಪಟ್ಟಿ ಬುಡದಲ್ಲಿ ಹರಿದಿತ್ತು. ಗ್ಲೆನ್ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದ.

ಕಾಶವ್ವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು.

"ಇದನ್ನ ಮಿಷನ್ನಿನಾಗ ಹೊಲಿಬ್ಯಾಡ್ರಿ. ಮತ್ತ ಹರೀತದ," ಎಂದಳು.

ಗ್ಲೆನ್‌ಗೆ ಏನೂ ತಿಳಿಯಲಿಲ್ಲ. ವಸುಧಾ ಓಡಿಬಂದು ಇಬ್ಬರಿಗೂ ಮಾತು ದಾಟಿಸಿದಳು.

"ಅವ್ವಾ, ಮೂವತ್ತು ವರ್ಷದ ಚೀಲ ಅಂತ. ಹೊಸಾವು ಮೂರು ತಂದು ನೋಡಿದ್ರಂತ, ಬೆನ್ನಿಗೆ ಒಂದೂ ಹೊಂದಲಿಲ್ಲಂತ. ರಿಪೇರಿ ಮಾಡವರು ಯಾರೂ ಇಲ್ಲಂತ."

"ನಾ ಇಲ್ಲೇನು?"

ಮನೆಯೊಳಗೆ ಬಂದ ಮೇಲೆ ವಸುಧಾ ದನಿ ತಗ್ಗಿಸಿದಳು. "ಅವ್ವಾ, ಅದು ಬೇಟೆ ಚೀಲ. ಅದರಾಗ ಮಾಂಸ ಹೊತ್ತು ತರ್ತಾರ."

ಅವರ ಮನೆತನದೊಳಗೆ ತಲೆಮಾರುಗಳಿಂದ ಮಾಂಸ ಹೊಕ್ಕಿರಲಿಲ್ಲ. ಕಾಶವ್ವ ತನ್ನ ಪೆಟ್ಟಿಗೆಯ ಮುಚ್ಚಳ ತೆರೆದಳು. "ತಾಡಪತ್ರಿ ಹೊಲಿಯಾಕಿ ಲಾರ್‍ಯಾಗ ಏನ ಹೇರ್ತಾರಂತ ಕೇಳ್ಕೊಂತ ಕೂತ್ರ ಹೊಟ್ಟಿ ತುಂಬ್ತಿತ್ತೇನು?" ಎಂದು ಪೆಟ್ಟಿಗೆಯಿಂದ ದಬ್ಬಣ ತೆಗೆದಳು.

ಊರಿನಿಂದ ತಂದ ಮೇಣದ ದಾರದ ಉಂಡೆ ಒಂದೇ ಇತ್ತು. ಎಡಗಡೆಯ ಪಟ್ಟಿಗೆ ಆರು ಸಾಲು ಹಾಕಿದಳು. ಮಾರನೆಯ ದಿನ ನೋಡಿದರೆ ಬಲಗಡೆಯದೂ ಸವೆದಿತ್ತು. ಅದನ್ನೂ ಬಿಚ್ಚಿ ಹೊಲಿಯತೊಡಗಿದಳು. ಮೂರು ಸಾಲಿಗೆ ದಾರ ಮುಗಿಯಿತು. ಹೊತ್ತು ಇಳಿದಿತ್ತು. ಗ್ಲೆನ್ ಮರುದಿನ ಬೆಳಕು ಹರಿಯುವ ಮೊದಲೇ ಹೊರಡುವವನು. ಆಗಲೇ ಬಾಗಿಲಲ್ಲಿ ಬಂದು ನಿಂತು ನಗುತ್ತಿದ್ದ. ದಾರ ಮುಗಿಯಿತು ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು. ವಸುಧಾಳ ಡಬ್ಬಿಯಲ್ಲಿದ್ದ ಅಂಗಿ ಹೊಲಿಯುವ ದಾರವನ್ನೇ ಎರಡೆಳೆ ಮಾಡಿ ಉಳಿದ ಮೂರು ಸಾಲು ಎಳೆದುಬಿಟ್ಟಳು. ಹೊರಗಿನಿಂದ ನೋಡಿದರೆ ಆರೂ ಒಂದೇ ಥರ ಕಾಣುತ್ತಿದ್ದವು. ಜೀವಮಾನದಲ್ಲಿ ಅವಳು ಅಂಥ ಕೆಲಸ ಮಾಡಿದ್ದು ಅದೇ ಮೊದಲು.

ಗ್ಲೆನ್ ಚೀಲ ಹೆಗಲಿಗೇರಿಸಿ ಎರಡು ಸಲ ಕುಪ್ಪಳಿಸಿ ನೋಡಿದ. ಕೈಮುಗಿದು ಹೋದ.

ಪ್ರತಿದಿನ ಸಂಜೆ ಆ ಸಣ್ಣ ಪೆಟ್ಟಿಗೆಯಿಂದ ನೋರಾಳ ಫೋನಿಗೆ 'ಆರಾಮ' ಎಂದು ಒಂದು ಸುದ್ದಿ ಬರುತ್ತಿತ್ತು. ಮೂರು ದಿನ ಬಂತು. ನಾಲ್ಕನೆಯ ದಿನ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ನೋರಾ ಬಂದು ಬಾಗಿಲು ತಟ್ಟಿದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಅಲ್ಲಿನ ಪೊಲೀಸರಿಗೆ ಫೋನ್ ಮಾಡಿದ್ದಳು; ಬೆಟ್ಟದಲ್ಲಿ ಹಿಮ ಬೀಳುತ್ತಿದೆ, ನಿಂತ ಕೂಡಲೇ ಹುಡುಕಲು ಜನ ಹೋಗುತ್ತಾರೆ ಎಂದಿದ್ದರಂತೆ. ಕಾಶವ್ವ ಅವಳ ಕೈಹಿಡಿದು ಕೂಡಿಸಿದಳು. ಚಹಾ ಕೊಟ್ಟಳು. ನೋರಾ ಕುಡಿಯಲಿಲ್ಲ.

ಅವಳು ಹೋದ ಮೇಲೆ ಕಾಶವ್ವ ಆ ಅಂಗಿ ದಾರವನ್ನು ತೆಗೆದು ಎರಡೆಳೆ ಮಾಡಿ ಬೆರಳಿಗೆ ಸುತ್ತಿ ಜಗ್ಗಿದಳು. ಟಪ್ಪೆಂದು ಹರಿಯಿತು. ಮತ್ತೊಮ್ಮೆ ಜಗ್ಗಿದಳು, ಮತ್ತೆ ಹರಿಯಿತು.

"ವಸು, ಬಾ ಇಲ್ಲೆ. ನಾ ಒಂದು ತಪ್ಪು ಮಾಡೇನಿ."

ಎಲ್ಲ ಕೇಳಿದ ವಸುಧಾ ಅವಳ ಪಕ್ಕದಲ್ಲಿ ಕುಳಿತಳು. "ನೀ ಯಾಕ ಹಂಗ ತಿಳ್ಕೊಂತಿ? ಪೆಟ್ಟಿಗಿನೇ ಕೆಟ್ಟಿರಬಹುದು. ಈಗ ನೋರಾ ಮುಂದ ಏನೂ ಹೇಳಬ್ಯಾಡ. ಪಾಪ, ಮೊದಲೇ ಹೆದರ್‍ಯಾರ."

"ಮತ್ತ ಮತ್ತ ನನ್ನ ಕಣ್ಣ ಮುಂದ ಆ ಪಟ್ಟಿನೇ ಬರ್ತದ ವಸು. ಅಂವ ಕಮರಿ ಅಂಚಿಗೆ ನಿಂತಾನ, ಪಟ್ಟಿ ಕಿತ್ತು ಬಂದದ."

ಆ ದಿನ ಅವಳು ರೊಟ್ಟಿ ಮುರಿಯಲಿಲ್ಲ. ಪ್ರಹ್ಲಾದ್ ಸಂಜೆ ಬಂದು, "ಅತ್ತೀ, ಎರಡು ತುತ್ತಾದ್ರೂ ಉಣ್ರಿ," ಎಂದರೆ ತಲೆಯಾಡಿಸಿದಳು ಅಷ್ಟೆ.

ಆರನೆಯ ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನೋರಾ ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಿ ಬರುತ್ತಿದ್ದಳು. ಏನೋ ಕೂಗುತ್ತಿದ್ದಳು. ಕಾಶವ್ವನಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಅವಳು ಅಳುತ್ತಲೇ ನಗುತ್ತಿದ್ದುದನ್ನು ಕಂಡಳು. ಅಷ್ಟು ಸಾಕಾಯಿತು. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕುಳಿತಳು. ಹೋದ ಜೀವ ತಿರುಗಿ ಬಂದಂತಾಗಿ, "ನಮ್ಮಪ್ಪಾ ಸಿದ್ಧಾರೂಢಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋರಾ ಅವಳ ಕೊರಳಿಗೆ ಬಿದ್ದು ಬಿಗಿಯಾಗಿ ಹಿಡಿದುಕೊಂಡಳು.

ಎರಡು ದಿನ ಬಿಟ್ಟು ಗ್ಲೆನ್ ಬಂದ. ಮೊಣಕಾಲಿಗೆ ಪಟ್ಟಿ ಬಿಗಿದಿತ್ತು, ಗಡ್ಡ ಬೆಳೆದಿತ್ತು. ಅವನ ಮನೆಯ ಹಿಂದಿನ ಕಟ್ಟೆಯ ಮೇಲೆ ಎಲ್ಲರೂ ಕೂತರು. ನಡೆದದ್ದನ್ನು ಅವನು ಹೇಳುತ್ತ ಹೋದ, ವಸುಧಾ ಅವ್ವನಿಗೆ ತಿಳಿಸುತ್ತ ಹೋದಳು.

ನಾಲ್ಕನೆಯ ದಿನ ಕಡಿದಾದ ಇಳಿಜಾರಿನಲ್ಲಿ ಹೊಸ ಹಿಮದ ಮೇಲೆ ಕಾಲು ಜಾರಿತ್ತು. ಬೆನ್ನಿನ ಮೇಲೆ ಜಾರುತ್ತ ಹೋದವನು ಕಮರಿಗೆ ಬೀಳುವ ಮೊದಲು ಚೀಲದ ಚೌಕಟ್ಟು ಬಿದ್ದ ಮರದ ಬೇರಿಗೆ ಸಿಕ್ಕಿಕೊಂಡಿತು. ಕಾಲು ಗಾಳಿಯಲ್ಲಿ, ಮೈಭಾರವೆಲ್ಲ ಹೆಗಲಪಟ್ಟಿಗಳ ಮೇಲೆ. ಸುದ್ದಿ ಕಳಿಸುವ ಪೆಟ್ಟಿಗೆ ಕಳಚಿ ಕೆಳಗೆ ಬಿದ್ದುಹೋಯಿತು. ಹಾಗೇ ತೂಗಾಡುತ್ತ ಒಂದು ಕಲ್ಲಿನ ಅಂಚಿಗೆ ಕಾಲೂರುವುದಕ್ಕೆ ಕಾಲು ಗಂಟೆ ಹಿಡಿಯಿತು. ಆಮೇಲೆ ಉಳುಕಿದ ಮೊಣಕಾಲಿನಲ್ಲಿ ತೆವಳುತ್ತ, ಕುಂಟುತ್ತ ಒಂದೂವರೆ ದಿನ. ಕೊನೆಗೆ ಹೇಸರಗತ್ತೆಗಳೊಂದಿಗೆ ಬಂದಿದ್ದ ಬೇರೆ ಬೇಟೆಗಾರರು ಸಿಕ್ಕಿ ರಸ್ತೆಗೆ ಇಳಿಸಿದರು.

"ಪಟ್ಟಿ ಹರಿದಿದ್ರ ನಾ ಇಲ್ಲಿ ಇರ್ತಿದ್ದಿಲ್ಲ ಅಂತಾರ ಅವ್ವಾ. ನಿನಗ ಥ್ಯಾಂಕ್ಸ್ ಹೇಳಾಕತ್ತಾರ."

ಕಾಶವ್ವ ಚೀಲವನ್ನು ತರಿಸಿಕೊಂಡಳು. ಬಲಪಟ್ಟಿಯ ಬುಡವನ್ನು ಬೆಳಕಿಗೆ ಹಿಡಿದಳು. ಅಂಗಿ ದಾರದ ಮೂರು ಸಾಲೂ ಹರಿದು ಎಳೆಗಳು ಜೋತಿದ್ದವು. ಮೇಣದ ಮೂರು ಸಾಲು ಒಂದು ಹೊಲಿಗೆಯೂ ಕದಲದೆ ಕೂತಿದ್ದವು.

"ವಸು, ಇದ್ದದ್ದು ಇದ್ದಂಗ ಅವರಿಗೆ ಹೇಳು."

"ಬಿಡವ್ವಾ. ಹೆಂಗೂ ಬಂದಾರಲ್ಲ."

"ನೀ ಹೇಳಲಿಲ್ಲಂದ್ರ ನಾನೇ ಕನ್ನಡದಾಗ ಹೇಳ್ತೀನಿ."

ವಸುಧಾ ಹೇಳಿದಳು. ಗ್ಲೆನ್ ನಗಲಿಲ್ಲ. ಚೀಲ ತೆಗೆದುಕೊಂಡು ಹರಿದ ಸಾಲುಗಳನ್ನು ಬೆರಳಿನಿಂದ ಸವರಿ ನೋಡಿದ. ನಂತರ ನಿಧಾನವಾಗಿ ಮಾತಾಡಿದ. ವಯಸ್ಸಿನಲ್ಲಿದ್ದಾಗ ಒಬ್ಬನ ಟ್ರೇಲರಿಗೆ ಅವಸರದಲ್ಲಿ ಬೆಸುಗೆ ಹಾಕಿ ಕೊಟ್ಟಿದ್ದನಂತೆ, ಸರಿಯಾಗಿ ಕೂಡಿಲ್ಲವೆಂದು ಗೊತ್ತಿದ್ದೂ. ಮೂರು ದಿನ ಊಟ ಸೇರಲಿಲ್ಲವಂತೆ. ನಾಲ್ಕನೆಯ ದಿನ ಆಸ್ಟಿನ್‌ವರೆಗೆ ಡ್ರೈವ್ ಮಾಡಿಕೊಂಡು ಹೋಗಿ, ಆ ಮನುಷ್ಯನ ಅಂಗಳದಲ್ಲೇ ಕಿತ್ತು ಮತ್ತೆ ಬೆಸೆದು ಬಂದನಂತೆ.

"ನಿನ್ನ ಹೊಟ್ಟ್ಯಾಗಿನ ಸಂಕಟ ನನಗ ಗೊತ್ತದ ಅಂತಾರ. ಬುಡಕ್ಕ ಗಟ್ಟಿ ದಾರ ಹಾಕಿದ್ದು ನೀನೇ ಅಲ್ಲೇನು, ಅದನ್ನೂ ನೆನಪಿಡು ಅಂತಾರ."

ಕಾಶವ್ವ, "ಎಷ್ಟು ಹಗುರಾತು ನನಗ," ಎಂದಳು. ನೋರಾ ತಟ್ಟೆಯಲ್ಲಿ ತಂದಿಟ್ಟ ಮೆಕ್ಕೆಜೋಳದ ಬ್ರೆಡ್ಡನ್ನು ಎರಡು ತುಂಡು ತಿಂದಳು, ಮೂರನೆಯದಕ್ಕೂ ಕೈ ನೀಡಿದಳು.

ಗ್ಲೆನ್ ದಪ್ಪ ದಾರದ ನಾಲ್ಕು ಉಂಡೆ, ಒಂದು ಗಟ್ಟಿ ಜೇನುಮೇಣ ತರಿಸಿಕೊಟ್ಟ. ಕಾಶವ್ವ ಎರಡೂ ಪಟ್ಟಿಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದಳು. ಮುಂದಿನ ವರ್ಷಗಳಲ್ಲಿ ಅವನ ಗೆಳೆಯರೂ ಮೆಕಿನ್ನಿಯಿಂದ, ಹೂಸ್ಟನ್ನಿನಿಂದ ತಮ್ಮ ಹಳೆಯ ಚೀಲ, ಬಂದೂಕಿನ ಒರೆ, ಗುಡಾರದ ಬಟ್ಟೆ ತಂದು ಕೊಡುತ್ತಿದ್ದರು. "ಒಂದು ತಿಂಗಳು ಮೊದಲ ತರ್‍ರಿ, ನಾಳೆ ಬೇಕಂದ್ರ ಆಗೂದಿಲ್ಲ," ಎಂದು ಕಾಶವ್ವ ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿಸುತ್ತಿದ್ದಳು.

ಈಗಲೂ ಒಂದೊಂದು ಚೀಲ ಹೊಲಿದು ಮುಗಿದ ಮೇಲೆ ಅದರೊಳಗೆ ಅಕ್ಕಿಯ ಚೀಲವೊಂದನ್ನು ಇಳಿಸುತ್ತಾಳೆ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಅಂಚಿಗೆ ಒರಗಿ, ಭಾರವನ್ನು ತಾನೇ ಹೆಗಲಿಗೇರಿಸಿಕೊಂಡು ಬೀದಿಯ ತುದಿಯ ಅಂಚೆಪೆಟ್ಟಿಗೆಯವರೆಗೆ ನಡೆದುಹೋಗಿ ತಿರುಗಿ ಬರುತ್ತಾಳೆ. ಹುಲ್ಲು ಕತ್ತರಿಸುತ್ತಿರುವ ನೆರೆಯವರು ಕೈಬೀಸುತ್ತಾರೆ, ಅವಳೂ ಬೀಸುತ್ತಾಳೆ.