ಸ್ಲ್ಯಾಬಿಗೆ ಹಾಕಿದ ಬೆಲ್ಲ

ರಂಗಂಪೇಟೆಯಲ್ಲಿ ಮಗಳು ಮನೆ ಕಟ್ಟಿಸಿದಾಗ ಸ್ಲ್ಯಾಬಿನ ಒಂದು ಮೂಲೆಯನ್ನು ಕೆಡಿಸಿದವಳು ನಾನು. ಈಗ ಅದೇ ಮೂಲೆಯ ಕೆಳಗೆ ಕೂತು ರೊಟ್ಟಿ ಬಡಿಯುತ್ತೇನೆ.

ಸ್ಲ್ಯಾಬ್ ಹಾಕುವ ದಿನ ಬಿಸಿಲು ಕಾದ ಹಂಚಿನಂತಿತ್ತು. ಮೇಸ್ತ್ರಿ ಕ್ಯಾನಿನಿಂದ ಕಂದು ಬಣ್ಣದ ಔಷಧ ಅಳೆದು ನೀರಿನ ಡ್ರಮ್ಮುಗಳಿಗೆ ಸುರಿದ.

“ಇದೇನೋ ಮೇಸ್ತ್ರಿ, ಕಾಂಕ್ರೀಟಿಗೆ ಕಷಾಯ?”

“ಬಿಸಲಿಗೆ ಸಿಮೆಂಟ್ ಲಗೂ ಬಿಗೀತದರಿ ಆಯಿ. ನಾವು ಹರವಿ ಮಟ್ಟ ಮಾಡೂತನಕ ತಡೀಲಿ ಅಂತ ಇದು.”

ಚಿಕ್ಕವಳಿದ್ದಾಗ ಸುರಪುರದಲ್ಲಿ ಅಪ್ಪನ ಜೊತೆ ಗಚ್ಚು ಅರೆದವಳು ನಾನು. ಸುಣ್ಣಕ್ಕೆ ಬೆಲ್ಲದ ನೀರು ಬೀಳದೆ ಅಪ್ಪ ಕರಣಿ ಮುಟ್ಟುತ್ತಿರಲಿಲ್ಲ. ಆ ಗೋಡೆಗಳಿಗೆ ಇವತ್ತಿಗೂ ಮೊಳೆ ಇಳಿಯುವುದಿಲ್ಲ. ಮಗಳ ಮನೆಯೂ ಹಾಗೇ ಗಟ್ಟಿಯಾಗಲೆಂದು, ಎಲ್ಲರೂ ಚಹಾಕ್ಕೆ ಕೂತಾಗ, ಕೊನೆಯ ಡ್ರಮ್ಮಿನಲ್ಲಿ ಒಂದು ಮುಷ್ಟಿ ಬೆಲ್ಲ ಕರಗಿಸಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಸ್ಲ್ಯಾಬ್ ಬಿಗಿದಿತ್ತು. ಕೊನೆಯ ಡ್ರಮ್ಮಿನ ನೀರು ಬಿದ್ದ, ಅಡುಗೆಮನೆಯ ಮೇಲಿನ ಮೂಲೆಯಲ್ಲಿ ಮಾತ್ರ ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಮಗಳ ಮುಖ ಸುಣ್ಣವಾಯಿತು.

“ಸಿಮೆಂಟ್ ಚೀಲ ಕೆಟ್ಟಿದ್ದವು ಕಾಣ್ತದ. ಇಷ್ಟು ಒಡದು ತೆಗೀಬೇಕು,” ಎಂದು ಮೇಸ್ತ್ರಿ ಸುತ್ತಿಗೆ ತರಿಸಿದ.

ಇನ್ನು ಸುಮ್ಮನಿದ್ದರೆ ಮಗಳ ಮನೆ ಒಡೆಯುತ್ತಾರೆ. “ಚೀಲ ಕೆಟ್ಟಿಲ್ಲೋ, ನನ್ನ ಬುದ್ಧಿ ಕೆಟ್ಟಿತ್ತು. ಬೆಲ್ಲ ಹಾಕೀನಿ,” ಎಂದೆ.

“ಎಷ್ಟು?”

ಮುಷ್ಟಿ ತೋರಿಸಿದೆ.

“ಯವ್ವಾ, ಹೋಳಿಗಿ ಮಾಡಾಕತ್ತಿದ್ದೇನು!” ಮಗಳು ಚೀರಿದಳು.

ಮೇಸ್ತ್ರಿ ತಲೆ ಹಿಡಿದುಕೊಂಡು ಕೂತ. ಆಮೇಲೆ ನಕ್ಕ.

“ಸುಣ್ಣದ ಮಾತು ಬ್ಯಾರೆ ಆಯಿ. ಸಿಮೆಂಟ್ ಒಣಗಿ ಅಲ್ಲ, ನೀರು ಕುಡದು ಗಟ್ಟಿ ಆಗ್ತದ. ಸಿಹಿ ಬಿದ್ರ ಅದರ ಬಾಯಿ ಕಟ್ತದ. ಮೊದಲೇ ನನ್ನ ಔಷಧ, ಮ್ಯಾಲೆ ನಿಮ್ಮ ಬೆಲ್ಲ! ಇದು ಮಲಕೊಂಡದ, ಸತ್ತಿಲ್ಲ. ಒಡಿಯೂದು ಬ್ಯಾಡ, ಕಾಯೋಣು.”

ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಗೋಣಿಚೀಲ ಹಾಸಿ, ಅವು ಒಣಗದಂತೆ ನೀರು ಚಿಮುಕಿಸುತ್ತ ಕೂತೆ. ಮಗಳು ಮುಖ ತಿರುಗಿಸಿಕೊಂಡೇ ಕೊಡೆ ತಂದಿಟ್ಟು ಹೋದಳು. ಮೂರನೆಯ ದಿನ ಹೆಬ್ಬೆರಳು ಇಳಿಯಲಿಲ್ಲ. ವಾರ ಕಳೆದ ಮೇಲೆ ಮೇಸ್ತ್ರಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಠಣ್ ಎಂದಿತು. ಆದರೂ ಆ ಮೂಲೆಗೆ ಕೊಟ್ಟ ಆಧಾರದ ಕಂಬಗಳನ್ನು ಎಲ್ಲಕ್ಕಿಂತ ಕೊನೆಗೆ ತೆಗೆಸಿದ.

ಮೊನ್ನೆ ಅವನು ಪಕ್ಕದ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದ. ಮೇಲಿಂದಲೇ ಕೂಗಿದ: “ಆಯಿ, ಇವತ್ತ ಒಂದಿನ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ!”

ನಾನು ಹೋಗಲಿಲ್ಲ. ಮಗಳ ಕೈಯಲ್ಲಿ ಚಹಾ ಕಳಿಸಿದೆ, ಸಕ್ಕರೆ ಹಾಕದೆ.